ಅನಧ್ಯಾಯವೂ ಅಭ್ಯಾಸವೂ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಪ್ರಾಥಮಿಕ ಶಾಲೆಗಳು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಈ ಸುಮಾರು ಏಳು ವಾರಗಳಲ್ಲಿ ಮಕ್ಕಳು ಕಲಿತುದನ್ನು ಮರೆಯುವರೆಂದು ಅಂಜಿ ಕೆಲವರು ಮುಂದಿನ ತರಗತಿಯ ಪುಸ್ತಕಗಳನ್ನು ಈಗಲೇ ಓದಿಸತೊಡಗುವರು. ಮಕ್ಕಳು ಆಡಿಕೊಂಡಿರಲಿ ಎಂದು ಮತ್ತೆ ಕೆಲವರು ಪುಸ್ತಕದ ಚೀಲವನ್ನು ಅಟ್ಟಕ್ಕೇರಿಸುವರು. ಇವೆರಡರಲ್ಲಿ ಯುಕ್ತವಾದುದು ಯಾವುದು?

ಹಿರಿಯರು ವಿಶ್ರಾಂತಿಯನ್ನು ದೋಷವೆಂದೆಣಿಸಲಿಲ್ಲ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ಸೀತೆಯ ಕೃಶತೆಯನ್ನು ಬಣ್ಣಿಸುವಾಗ, ಪಾಡ್ಯದಂದೂ ಪಾಠ ಮಾಡುವವನ ವಿದ್ಯೆಗೆ ಆಕೆಯನ್ನು ಹೋಲಿಸುತ್ತಾನೆ. ಪಾಡ್ಯವು ಅನಧ್ಯಾಯದ ದಿನ. ಅಂದು ಓದಿದ ವಿದ್ಯೆ ಬೆಳೆಯದೆ ಸೊರಗುವುದೆಂಬುದು ಇದರ ಇಂಗಿತ. ಆದರೆ ನಿತ್ಯದ ಸ್ವಾಧ್ಯಾಯಕ್ಕೆ ಅನಧ್ಯಾಯದ ಕಟ್ಟಿಲ್ಲವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಆ ಗ್ರಂಥದ ಜಾತಿಭೇದವನ್ನು ಶರಣಧರ್ಮ ಒಪ್ಪದು. ಆದರೂ ಈ ವಿವೇಕವೊಂದನ್ನು ಬಿಡಬೇಕಾಗಿಲ್ಲ. ಹೊಸ ಪಾಠ ನಿಲ್ಲಬಹುದು, ಹಳೆಯ ಪಾಠದ ಆವೃತ್ತಿ ನಿಲ್ಲಲಾಗದು.

ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿದರು. ಬೇಸಗೆಯ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದುಳಿಯುವರೆಂದೂ, ಲೆಕ್ಕದಲ್ಲಿ ಮರೆವು ಹೆಚ್ಚೆಂದೂ ಕಂಡುಕೊಂಡರು. ಓದಿನ ವಿಷಯದಲ್ಲಿ ಅವರು ಕಂಡದ್ದು ಇನ್ನೂ ಗಂಭೀರವಾದುದು: ಬಡವರ ಮನೆಯ ಮಕ್ಕಳ ಓದು ಕುಂದುವುದು, ಅನುಕೂಲಸ್ಥರ ಮನೆಯಲ್ಲಿ ಹಾಗಾಗದು. ಒಂದೇ ರಜೆ ಒಬ್ಬನಿಗೆ ವಿಶ್ರಾಂತಿ, ಇನ್ನೊಬ್ಬನಿಗೆ ನಷ್ಟ. ಆದುದರಿಂದ ಇದು ಪಾಠಕ್ರಮದ ಪ್ರಶ್ನೆ ಮಾತ್ರವಲ್ಲ, ಸಮತೆಯ ಪ್ರಶ್ನೆಯೂ ಹೌದು.

ಪೀಣ್ಯದ ಕೈಗಾರಿಕೆಗಳ ನೆರೆಯಲ್ಲಿರುವ ಹೆಗ್ಗನಹಳ್ಳಿಯಂತಹ ಕಡೆ ಇದು ಸ್ಪಷ್ಟವಾಗುತ್ತದೆ. ತಂದೆ ಯಂತ್ರದ ಮುಂದೆ, ತಾಯಿ ಹೊಲಿಗೆಯ ಕಾರ್ಖಾನೆಯಲ್ಲಿ. ಊರಿನಲ್ಲಿ ಅಜ್ಜಿಯಿದ್ದರೆ ಮಗು ಅಲ್ಲಿಗೆ ಹೋದೀತು, ಇಲ್ಲದಿದ್ದರೆ ಒಂದೇ ಕೋಣೆಯ ಬಾಡಿಗೆ ಮನೆಯೊಳಗೆ ದಿನವೆಲ್ಲ ಕಳೆಯಬೇಕು. ಹಿರಿಯ ಮಗಳಿಗಂತೂ ರಜೆಯೆಂದರೆ ತಮ್ಮನನ್ನು ಕಂಕುಳಲ್ಲಿ ಹೊತ್ತು ತಿರುಗುವುದು. ಬಾಲಕಾರ್ಮಿಕ ನಿಷೇಧದ ಕಾಯಿದೆಗೆ 2016ರಲ್ಲಾದ ತಿದ್ದುಪಡಿಯು ಅಪಾಯವಿಲ್ಲದ ಕುಟುಂಬದ ಉದ್ಯೋಗದಲ್ಲಿ ರಜೆಯ ಕಾಲಕ್ಕೆ ಮಕ್ಕಳು ನೆರವಾಗಬಹುದೆಂದು ಅವಕಾಶವಿತ್ತಿದೆ. ಇದನ್ನು ನೆಪಮಾಡಿಕೊಂಡು ಕಾಯಕವೆಂಬ ಪವಿತ್ರವಾದ ಮಾತನ್ನು ಮಗುವಿನ ದುಡಿಮೆಗೆ ಹೊದಿಸುವವರಿದ್ದಾರೆ. ಕಾಯಕವು ಅರಿತು ಒಪ್ಪಿ ಮಾಡುವಂಥದು. ಎಂಟು ವರ್ಷದ ಮಗುವಿನ ಮೇಲೆ ಹೊರಿಸಿದುದು ಕಾಯಕವಾಗದು.

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಮಕ್ಕಳಿದ್ದೆಡೆಗೆ ಹೋಗಿ, ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಕಲಿಸಿದರು. ಸೋಂಕಿನ ಭಯದಿಂದ ಆ ವರ್ಷದ ಅಕ್ಟೋಬರದಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಆದರೂ ಬೀಗ ಹಾಕಿದ ಶಾಲೆಯ ಹೊರಗೂ ಪಾಠ ನಡೆಯಬಹುದೆಂಬುದು ಅದರಿಂದ ಸಿದ್ಧವಾಯಿತು. ರಜೆಯಲ್ಲಿ ಆ ಹೊಣೆಯನ್ನು ದಣಿದ ಉಪಾಧ್ಯಾಯರ ಮೇಲೆಯೇ ಹಾಕುವುದು ನ್ಯಾಯವಲ್ಲ. ಬೀದಿಯ ಓದುಬಲ್ಲ ಗೃಹಸ್ಥರು ಅದನ್ನು ವಹಿಸಿಕೊಳ್ಳಬಹುದು. ದಾಸೋಹವೆಂದೊಡನೆ ಅನ್ನದ ಪಂಕ್ತಿಯೇ ಕಣ್ಮುಂದೆ ಬರುತ್ತದೆ. ಬಿಸಿಲೇರುವ ಮುನ್ನ ಗುಡಿಯ ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಕೂಡಿಸಿ, ಮಗ್ಗಿ ಹೇಳಿಸಿ, ಕಥೆಯ ಪುಸ್ತಕವೊಂದನ್ನು ಸರದಿಯಲ್ಲಿ ಓದಿಸುವುದನ್ನು ಆ ಹೆಸರಿನಿಂದ ಏಕೆ ಕರೆಯಬಾರದು? ತಮ್ಮನನ್ನು ಹೊತ್ತ ಆ ಹುಡುಗಿಯೂ ಬರಲಿ; ಅವಳು ಓದುವಷ್ಟು ಹೊತ್ತು ಕೂಸನ್ನು ಯಾರಾದರೂ ಎತ್ತಿಕೊಂಡಿರಬೇಕು. ಹೊಸ ಪಾಠವೇನೂ ಬೇಡ. ಒಂದು ಗಂಟೆ ಕಳೆದ ಮೇಲೆ ಮಕ್ಕಳನ್ನು ಆಟಕ್ಕೆ ಬಿಡಬೇಕು.