ಬೆಂಕಿ ಹೊತ್ತಿಸಿದವರು ಯಾರು?

ಹುಕ್ಕೇರಿ ತಾಲ್ಲೂಕಿನ ಕಣಗಲಾ ಸುತ್ತಲಿನ ಊರುಗಳು ಕಬ್ಬಿನ ನಾಡು. ಕಬ್ಬು ಕಡಿದಾದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುವುದು ರೂಢಿ. ಗಾಳಿ ತಿರುಗಿದರೆ ಕಿಡಿ ಬದು ದಾಟಿ ಪಕ್ಕದವರ ಕಬ್ಬಿಗೆ, ಇಲ್ಲವೇ ಮನೆಯ ಹಿತ್ತಲಿನ ಕಣಿಕೆ ಬಣವಿಗೆ ಬೀಳುತ್ತದೆ. ಸುಟ್ಟ ಕಬ್ಬನ್ನು ಬೇಗ ಕಾರ್ಖಾನೆಗೆ ಸಾಗಿಸದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ನೆರೆಯವನ ವರ್ಷದ ದುಡಿಮೆ ಒಂದೇ ಮಧ್ಯಾಹ್ನದಲ್ಲಿ ಕರಕಲಾಗುತ್ತದೆ. ಆಗ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಬರುವ ಮಾತು, "ಏನ್ ಮಾಡೂದ್ರೀ, ದೇವರ ಇಚ್ಛಾ."

ಇದು ನಿಜವಾಗಿಯೂ ದೇವರ ಇಚ್ಛೆಯೇ? ವಿಮೋಚನಾಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಿ. ಮುಳ್ಳುಪೊದೆಗೆ ತಗುಲಿದ ಬೆಂಕಿ ಹಬ್ಬಿ ಮತ್ತೊಬ್ಬನ ತೆನೆಯ ಬಣವೆಯನ್ನೋ ಪೈರನ್ನೋ ಸುಟ್ಟರೆ, ಹೊತ್ತಿಸಿದವನೇ ನಷ್ಟ ಕಟ್ಟಿಕೊಡಬೇಕು ಎಂಬ ಕಟ್ಟಳೆ ಅಲ್ಲಿದೆ. ಸುಡಬೇಕೆಂಬ ಮನಸ್ಸು ಅವನಿಗೆ ಇತ್ತೇ ಇಲ್ಲವೇ ಎಂದು ಅಲ್ಲಿ ಕೇಳಿಲ್ಲ. ಗಾಳಿಯ ಮೇಲೆ ತಪ್ಪು ಹೊರಿಸಿಲ್ಲ. ದೇವರ ಹೆಸರನ್ನಂತೂ ಎತ್ತಿಲ್ಲ.

ಹೊಲದ ಬೆಂಕಿಯಲ್ಲಿ ಹಚ್ಚಿದವನು ಯಾರೆಂದು ಗೊತ್ತಾಗುತ್ತದೆ. ಅಡುಗೆಮನೆಯ ಬೆಂಕಿಯಲ್ಲಿ? ಕಡ್ಡಿ ಗೀರಿದವಳು ಮನೆಯ ಹೆಣ್ಣುಮಗಳು. ಆದರೆ ಗ್ಯಾಸಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆ ಎಂದು ಅವಳು ಮೂರು ಸಲ ಹೇಳಿದ್ದರೂ "ಮುಂದಿನ ಬಿಲ್ ಬರಲಿ, ನೋಡೋಣ" ಎಂದವರು ಬೇರೆ ಯಾರೋ. ಪೈಪಿನ ಬೆಲೆ ಕೆಲವು ನೂರು ರೂಪಾಯಿ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು, ಬಿರುಕು ಕಂಡರೆ ಆ ದಿನವೇ. ನಮ್ಮ ಬಹಳಷ್ಟು ಮನೆಗಳಲ್ಲಿ ಒಲೆಯ ಮುಂದೆ ನಿಲ್ಲುವವರು ಒಬ್ಬರು, ಹಣದ ಚೀಲ ಹಿಡಿದವರು ಇನ್ನೊಬ್ಬರು. ಅಪಾಯ ಒಬ್ಬರದು, ತೀರ್ಮಾನ ಮತ್ತೊಬ್ಬರದು. ಕೋಪಕ್ಕೆ, ಸುಳ್ಳಿಗೆ ನಾವು ಪಾಪನಿವೇದನೆ ಮಾಡುತ್ತೇವೆ. ಬದಲಿಸದೆ ಬಿಟ್ಟ ಪೈಪಿಗಾಗಿ ಯಾರಾದರೂ ಮೊಣಕಾಲೂರಿದ್ದಾರೆಯೇ? ಕರ್ತವ್ಯಲೋಪವೂ ಪಾಪವೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತವರೇ ನಾವೆಲ್ಲ.

"ಆಕಸ್ಮಿಕ" ಎಂಬ ಪದ ಎಷ್ಟನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 1990ರ ದಶಕದಲ್ಲಿ ಬೆಂಗಳೂರಿನ 'ವಿಮೋಚನಾ' ಮಹಿಳಾ ಸಂಘಟನೆಯವರು ಸುಟ್ಟಗಾಯಗಳಿಂದ ಸತ್ತ ಯುವತಿಯರ ದಾಖಲೆಗಳನ್ನು ಪರಿಶೀಲಿಸಿದರು. ಸ್ಟೋವ್ ಸಿಡಿಯಿತು ಎಂದು ಬರೆದು ಮುಗಿಸಿದ್ದ ಎಷ್ಟೋ ಸಾವುಗಳ ಹಿಂದೆ ಬೇರೆಯೇ ಕಥೆ ಇರಬಹುದೆಂಬ ಪ್ರಶ್ನೆ ಆಗ ಎದ್ದಿತು. ನಮ್ಮ ಅಸಡ್ಡೆ ಅಂಥ ಕ್ರೌರ್ಯವಲ್ಲ, ನಿಜ. ಆದರೆ ಅಲ್ಲಿಯೂ ಇಲ್ಲಿಯೂ ವಿಚಾರಣೆಯ ಬಾಗಿಲು ಹಾಕುವುದು ಆ ಒಂದೇ ಪದ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಬಡ ಮನೆಗಳಿಗೆ ಸಿಲಿಂಡರ್ ಬಂತು. ರೊಟ್ಟಿ ಮಾತ್ರ ಅನೇಕರಿಗೆ ಇಂದಿಗೂ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕು (ರುಚಿಯ ಮಾತು, ನಾನೂ ಒಪ್ಪುತ್ತೇನೆ). ಎರಡೂ ಒಂದೇ ಕೋಣೆಯಲ್ಲಿದ್ದರೆ ಬಹಳ ಎಚ್ಚರ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲಕ್ಕೆ ಇಳಿದು ಹರಡುತ್ತದೆ, ಮೂಲೆಯ ಕೆಂಡ ಅದಕ್ಕಾಗಿ ಕಾದಂತೆ ಇರುತ್ತದೆ. ವಾಸನೆ ಬಂದರೆ ಉರಿಯುವುದನ್ನೆಲ್ಲ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿ, ತೆಗೆಯಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬಾಣಲಿಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿದರೆ ಸಾಕು. ಮೈ ಸುಟ್ಟರೆ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಪೇಸ್ಟು, ಶಾಯಿ ಏನನ್ನೂ ಹಚ್ಚಬೇಡಿ. ಇವನ್ನು ಮಕ್ಕಳಿಗೂ ಹೇಳಿಕೊಡಿ, ಮನೆಯ ಗಂಡಸರಿಗೆ ಮೊದಲು ಹೇಳಿಕೊಡಿ.

ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು, ಬೇಸಿಗೆಯಲ್ಲಿ ಬಣವಿಯ ಬಳಿ ಬೀಡಿ ಎಸೆಯುವುದು, ಕರೆಂಟು ಹೋದಾಗ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮೇಣದಬತ್ತಿ ನಿಲ್ಲಿಸುವುದು, ಇವೆಲ್ಲ ನೀವು ಬಲ್ಲವೇ. ಇನ್ನು ನಮ್ಮದೇ ಹಬ್ಬದ ಮಾತು. ಕ್ರಿಸ್ಮಸ್ಸಿಗೆ ಒಣಹುಲ್ಲು ಹಾಸಿ ಗೋದಲಿ ಕಟ್ಟುತ್ತೇವೆ. ಅದರ ಮೇಲೆಯೇ ಅಗ್ಗದ ಸೀರಿಯಲ್ ಸೆಟ್ ಹರಡಿ, ಹೋದ ವರ್ಷ ಕಿತ್ತ ವೈರಿಗೆ ಟೇಪು ಸುತ್ತಿ, ಪಕ್ಕದಲ್ಲಿ ಮೇಣದಬತ್ತಿಯನ್ನೂ ಇಟ್ಟು ನಡುರಾತ್ರಿಯ ಪೂಜೆಗೆ ಮನೆಮಂದಿಯೆಲ್ಲ ಹೊರಡುತ್ತೇವೆ. ಈ ಸಲ ಗೋದಲಿ ಕಟ್ಟಲು ಕುಳಿತಾಗಲೇ, ಹೊರಡುವ ಮುನ್ನ ಬತ್ತಿ ಆರಿಸಿ ಪ್ಲಗ್ ಕೀಳುವವರು ಯಾರೆಂದು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.