ತೊದಲಲು ಬೇಕಾದ ಧೈರ್ಯ

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಮೂವತ್ತು ದಿನಗಳಲ್ಲಿ ಭಾಷೆ ಕಲಿಸುವ ಪುಸ್ತಕಗಳು ಇಂದಿಗೂ ತೂಗಾಡುತ್ತಿವೆ. ಅದೇ ಭರವಸೆಯನ್ನು ಈಗ ಮೊಬೈಲ್ ಫೋನೂ ಕೊಡುತ್ತದೆ. ಇವೆಲ್ಲವೂ ಮೊದಲಿಗೇ ಹೇಳುವ ಮಾತೊಂದಿದೆ: ನಿಮ್ಮ ಮೇಲೆ ನಿಮಗೆ ನಂಬಿಕೆಯಿರಲಿ, ಉಳಿದದ್ದು ತಾನಾಗಿ ಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ನಾವು ನಂಬಬೇಕಾದದ್ದು ಏನನ್ನು? 'ನನಗೆ ಬರುತ್ತದೆ' ಎಂದು ನಂಬಿದರೆ ಭಾಷೆ ಬಂದುಬಿಡುತ್ತದೆಯೇ? ಈಜು ಬರುತ್ತದೆ ಎಂಬ ನಂಬಿಕೆಯೊಂದನ್ನೇ ಕಟ್ಟಿಕೊಂಡು ಬಾವಿಗೆ ಹಾರಿದವನನ್ನು ಯಾರೂ ಆತ್ಮವಿಶ್ವಾಸಿ ಎನ್ನುವುದಿಲ್ಲ.

ಲೆಕ್ಕ ನೋಡೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಒಂದು ಸಂಸ್ಥೆಯನ್ನು ನಡೆಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಅರಬಿ ಕೆಲಸಕ್ಕೆ ಬೇಕಾದಷ್ಟು ಬರಲು ಸುಮಾರು 2,200 ಗಂಟೆಗಳ ತರಗತಿ ಬೇಕೆಂಬುದು ಅದರ ಅನುಭವ. ದಿನಕ್ಕೊಂದು ಗಂಟೆಯಂತೆ, ಒಂದು ದಿನವೂ ತಪ್ಪದೆ, ಆರು ವರ್ಷ. ಲಿಪಿಯೂ ಸಾಕಷ್ಟು ಪದಗಳೂ ಮೊದಲೇ ಗೊತ್ತಿರುವ ಉರ್ದು ಭಾಷಿಕರಿಗೆ ಇದು ಸ್ವಲ್ಪ ಕಡಿಮೆಯಾದೀತು. ಮೂವತ್ತು ದಿನವಂತೂ ಆಗದು. ಆದರೆ ಮೂವತ್ತೊಂದನೆಯ ದಿನ ಬಾಯಿಂದ ಮಾತು ಹೊರಡದಿದ್ದಾಗ ಕಲಿಯುವವನು ಪುಸ್ತಕವನ್ನು ದೂರುವುದಿಲ್ಲ. 'ನನ್ನ ತಲೆಗೆ ಹತ್ತದು' ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಹುಸಿ ನಂಬಿಕೆ ಮಾಡುವ ಅನ್ಯಾಯವಿದು.

ಒಂದು ಕೆಲಸವನ್ನು ನಾನು ಮಾಡಬಲ್ಲೆ ಎಂಬ ನಂಬಿಕೆಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು. ಇತರರು ಹುರಿದುಂಬಿಸುವ ಮಾತು ಅವುಗಳಲ್ಲಿ ಒಂದು, ಆದರೆ ಅದಕ್ಕೆ ಬಲ ಕಡಿಮೆ. ಎಲ್ಲಕ್ಕಿಂತ ಬಲವಾದದ್ದು ತಾನೇ ಮಾಡಿ ಮುಗಿಸಿದ ಕೆಲಸ. ಅಂಗಡಿಗೆ ಹೋಗಿ ತಪ್ಪುತಪ್ಪಾಗಿಯೇ ಕೇಳಿ, ಬೇಕಾದ ಸಾಮಾನನ್ನೇ ಹಿಡಿದು ಹೊರಬಂದವನಿಗೆ ನಂಬಿಕೆ ಹುಟ್ಟುತ್ತದೆ. ಹಾಗಾದರೆ ಆ ಮೊದಲ ತಪ್ಪು ಮಾತನ್ನು ಆಡಿಸುವುದು ಯಾವುದು? ನಂಬಿಕೆಯಾಗಿರಲಾರದು, ಅದಿನ್ನೂ ಹುಟ್ಟಿಯೇ ಇಲ್ಲ.

ಈ ಪ್ರಶ್ನೆಗೆ ಅಲ್ಬಿರೂನಿಯ ಬದುಕಿನಲ್ಲಿ ನನಗೊಂದು ಉತ್ತರ ಕಾಣುತ್ತದೆ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಈತನ ಮನೆಮಾತು ಅರಬಿಯೂ ಅಲ್ಲ, ಪಾರ್ಸಿಯೂ ಅಲ್ಲ. ಎರಡೂ ಕಲಿತ ಭಾಷೆಗಳು. ಎರಡರಲ್ಲೂ ತಾನು ಹೊರಗಿನವನೆಂದು ಆತನೇ ಬರೆದುಕೊಂಡಿದ್ದಾನೆ. 1017ರಲ್ಲಿ ಘಜ್ನಿಯ ಮಹಮೂದ್ ಖ್ವಾರಿಜ್ಮನ್ನು ಗೆದ್ದು ಅಲ್ಲಿಯ ವಿದ್ವಾಂಸರೊಂದಿಗೆ ಈತನನ್ನೂ ಘಜ್ನಿಗೆ ಒಯ್ದ. ಆಗ ವಯಸ್ಸು ನಲವತ್ತು ದಾಟಿತ್ತು. ಗಣಿತ, ಖಗೋಳಗಳಲ್ಲಿ ಹೆಸರು ಮಾಡಿದ ಮನುಷ್ಯ. ಈ ವಯಸ್ಸಿನಲ್ಲಿ ಹೊಸ ಭಾಷೆ ಏಕೆಂದು ಕೈಕಟ್ಟಿ ಕೂರಬಹುದಿತ್ತು. ಆತ ಸಂಸ್ಕೃತದ ಕಡೆ ತಿರುಗಿದ.

1030ರ ಸುಮಾರಿಗೆ ಮುಗಿಸಿದ 'ಕಿತಾಬುಲ್ ಹಿಂದ್'ನ ಆರಂಭದಲ್ಲೇ ಆತ ತನ್ನ ಪಾಡನ್ನು ಮುಚ್ಚಿಡದೆ ಹೇಳುತ್ತಾನೆ. ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಪದಕ್ಕೆ ಹಲವು ಅರ್ಥ. ಕೆಲವು ಧ್ವನಿಗಳು ಗಂಟಲಿಗೆ ಒಗ್ಗುವುದಿಲ್ಲ, ಕಿವಿಗೆ ಬೇರೆಬೇರೆಯಾಗಿ ಕೇಳುವುದೂ ಇಲ್ಲ. ಇಲ್ಲಿಯವರ ಬಾಯಿಂದ ಬಂದ ಪದವನ್ನು ಬಹಳ ಎಚ್ಚರದಿಂದ ಬರೆದುಕೊಂಡು ಅವರೆದುರೇ ತಿರುಗಿ ಹೇಳಿದರೆ, ಅದು ತಮ್ಮದೇ ಪದವೆಂದು ಗುರುತಿಸಲು ಅವರಿಗೆ ಕಷ್ಟವಾಗುತ್ತಿತ್ತಂತೆ! ಇದನ್ನು ಸ್ವಲ್ಪ ಕಣ್ಣೆದುರು ತಂದುಕೊಳ್ಳಿ. ಗೆದ್ದ ಸುಲ್ತಾನನ ಕಡೆಯಿಂದ ಬಂದವನು. ಆ ದಂಡಯಾತ್ರೆಗಳೇ ಇಲ್ಲಿನ ಜನರಲ್ಲಿ ದ್ವೇಷ ಬಿತ್ತಿದವೆಂದು ಮುಲಾಜಿಲ್ಲದೆ ಬರೆದವನು. ಅದೇ ಜನರ ಪಂಡಿತರೆದುರು ಶಿಷ್ಯನಾಗಿ ಕುಳಿತು, ಮತ್ತೆ ಮತ್ತೆ ತಪ್ಪಾಗಿ ಉಚ್ಚರಿಸುತ್ತಿದ್ದಾನೆ. ತನ್ನ ನಾಲಿಗೆಯ ಮೇಲೆ ಆತನಿಗೆ ದೊಡ್ಡ ನಂಬಿಕೆಯೇನೂ ಇದ್ದಂತೆ ತೋರುವುದಿಲ್ಲ. ಈ ಭಾಷೆಯೊಳಗೆ ತಿಳಿಯಬೇಕಾದದ್ದು ಇದೆ, ಇವರು ನನಗೆ ಕಲಿಸಬಲ್ಲರು ಎಂಬ ನಂಬಿಕೆಯಿತ್ತು. ಪತಂಜಲಿಯ ಯೋಗಸೂತ್ರವನ್ನು ಆತ ಅರಬಿಗೆ ತಂದದ್ದು ಆ ನಂಬಿಕೆಯಿಂದ.

ಉಚ್ಚಾರಣೆಯ ಮಾತು ಬಂತೆಂದು ಹೇಳುತ್ತೇನೆ. ಪೋಲೆಂಡ್ ಮೂಲದ ಜೋಸೆಫ್ ಕಾನ್ರಾಡ್ ಇಂಗ್ಲಿಷ್ ಕಲಿತದ್ದು ಇಪ್ಪತ್ತರ ಆಸುಪಾಸಿನಲ್ಲಿ. ಸಾಯುವವರೆಗೂ ಆತನ ಮಾತಿನ ಪೋಲಿಷ್ ಧಾಟಿ ಹೋಗಲಿಲ್ಲ. ಇಂಗ್ಲಿಷಿನ ದೊಡ್ಡ ಕಾದಂಬರಿಕಾರರ ಸಾಲಿನಿಂದ ಇಂದಿಗೂ ಅವನನ್ನು ಯಾರೂ ಎಬ್ಬಿಸಿಲ್ಲ.

ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರದು ಬೇರೆ ಕಥೆ. ಇಪ್ಪತ್ತು ವರ್ಷ ಅಲ್ಲಿದ್ದರೂ ಅನೇಕರ ಅರಬಿ ಅಂಗಡಿ, ಅಡುಗೆಮನೆಗಳನ್ನು ದಾಟುವುದಿಲ್ಲ. ಹಿಂದಿ, ಮಲಯಾಳಂಗಳಲ್ಲಿ ಕೆಲಸ ಸಾಗುತ್ತದೆ ನಿಜ. ಆದರೆ ಅವರಿಗೆ ಛಲವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆನಡಾದಲ್ಲಿ ಈ ವಿಷಯ ಅಧ್ಯಯನ ಮಾಡಿದ ರಾಬರ್ಟ್ ಗಾರ್ಡ್‌ನರ್ ಮತ್ತು ವಾಲೇಸ್ ಲ್ಯಾಂಬರ್ಟ್ ಭಾಷೆ ಕಲಿಯುವ ಪ್ರೇರಣೆಯಲ್ಲಿ ಎರಡು ಬಗೆಗಳನ್ನು ಕಂಡರು. ಒಂದು ಉದ್ಯೋಗ, ಲಾಭಗಳಿಗಾಗಿ. ಇನ್ನೊಂದು ಆ ಭಾಷೆಯ ಜನರಿಗೆ ಹತ್ತಿರವಾಗುವ ಆಸೆಯಿಂದ. ಎರಡನೆಯದು ಹುಟ್ಟಬೇಕಾದರೆ ಆ ಜನ ನಮ್ಮನ್ನು ಹತ್ತಿರ ಕೂರಿಸಿಕೊಳ್ಳಬೇಕಲ್ಲ? ಅಪ್ಪಣೆಗಳನ್ನಷ್ಟೇ ಕೇಳುವವನಿಗೆ ಅಪ್ಪಣೆಗೆ ಬೇಕಾದಷ್ಟೇ ಭಾಷೆ ಬರುತ್ತದೆ.

ನಗುವವರ ವಿಷಯವನ್ನೂ ಹೇಳಬೇಕು. ಉರ್ದು ಶಾಲೆಯಿಂದ ಬಂದ ಹುಡುಗ ಕನ್ನಡ ತರಗತಿಯಲ್ಲಿ 'ಳ'ವನ್ನು 'ಲ' ಮಾಡಿದರೆ ಇಡೀ ತರಗತಿ ನಗುತ್ತದೆ. ಆ ನಗುವನ್ನು ಕೇಳಿ ಬೆಳೆದವರಲ್ಲಿ ನಾನೂ ಒಬ್ಬ. ಇತ್ತ ನಮ್ಮ ದಖನಿ ಬಾಯಲ್ಲಿ 'ಕಲಮ್' ಎಂಬುದು 'ಖಲಮ್' ಆದರೆ ಉತ್ತರದ ಉರ್ದುವಿನವರಿಗೆ ನಗು. ನಾವೇನು ಕಡಿಮೆ? ಮಂತ್ರಿಯೊಬ್ಬರು ಇಂಗ್ಲಿಷಿನಲ್ಲಿ ಎಡವಿದ ವಿಡಿಯೊವನ್ನು ಹತ್ತು ಜನರಿಗೆ ಕಳಿಸದೆ ನಮಗೆ ನಿದ್ದೆ ಬರದು. ಕಲಿಯುವವನ ಧೈರ್ಯದ ಅರ್ಧಪಾಲು ಕೇಳುವವನ ಮುಖದಲ್ಲಿರುತ್ತದೆ. ಅದನ್ನು ಕಿತ್ತುಕೊಂಡವರು ಮತ್ತೆ ಅವನಿಗೇ ಆತ್ಮವಿಶ್ವಾಸದ ಉಪದೇಶ ಮಾಡುವುದು ಸರಿಯಲ್ಲ.

ಕುರ್‌ಆನನ್ನು ತಡವರಿಸುತ್ತಾ, ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲಗಳಿವೆ ಎಂಬ ಪ್ರವಾದಿ(ಸ)ಯವರ ವಚನ ಬುಖಾರಿ, ಮುಸ್ಲಿಂ ಸಂಗ್ರಹಗಳಲ್ಲಿದೆ. ಸಾಮಾನ್ಯವಾಗಿ ಇದನ್ನು ಸಮಾಧಾನದ ಮಾತೆಂದು ತಿಳಿಯುತ್ತೇವೆ. ನನಗದು ಕಟ್ಟುನಿಟ್ಟಾದ ಲೆಕ್ಕವಾಗಿಯೇ ಕಾಣುತ್ತದೆ. ತಡವರಿಸುವವನು ಮುಂದೊಂದು ದಿನ ಸರಾಗವಾಗಿ ಓದಬೇಕೆಂಬ ಷರತ್ತು ಅಲ್ಲಿಲ್ಲ. ಇಂದಿನ ಕಷ್ಟಕ್ಕೆ ಇಂದೇ ಕೂಲಿ. ಬೆತ್ತ ಹಿಡಿದು ಓದಿಸುವ ಉಸ್ತಾದರಿಗೂ ಈ ಹದೀಸ್ ಬಾಯಿಪಾಠವಿರುತ್ತದೆ, ಅದು ಬೇರೆ ಮಾತು.

ನನ್ನ ಪರಿಚಯದ ಒಬ್ಬ ಮಹಿಳೆ, ಅರವತ್ತರ ಹತ್ತಿರದವರು, ಈಗ ಜರ್ಮನ್ ಕಲಿಯುತ್ತಿದ್ದಾರೆ. ಮಗಳ ಸಂಸಾರ ಅಲ್ಲಿದೆ. ಮೊಮ್ಮಗನಿಗೆ ಉರ್ದು ಅರ್ಥವಾದರೂ ಬಾಯಿಗೆ ಬರುವುದು ಜರ್ಮನ್. ವಾರಕ್ಕೆರಡು ಬಾರಿ ಫೋನಿನಲ್ಲಿ ನಾನಿಗೆ ಅವನೇ ಉಸ್ತಾದ್. ತಪ್ಪಿದರೆ ನಗುತ್ತಾನೆ, ನಕ್ಕು ತಿದ್ದುತ್ತಾನೆ, ಇವರೂ ಜೊತೆಗೆ ನಗುತ್ತಾರೆ. ಆ ಭಾಷೆಯಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಲಿಂಗ. ಉರ್ದುವಿನಲ್ಲಿ ಚಮ್ಚಾ, ಕಾಂಟಾ ಎರಡೂ ಗಂಡು, ಛುರಿ ಹೆಣ್ಣು. ಕನ್ನಡದಲ್ಲಿ ಮೂರೂ ನಪುಂಸಕ. "ಚಮಚ ನಮ್ಮ ಉರ್ದುವಿನ ಹಾಗೆ, ಚಾಕು ಕನ್ನಡದ ಹಾಗೆ. ಎರಡೂ ನೆನಪಿರ್ತದೆ" ಎಂದರು ಮೊನ್ನೆ ಸಿಕ್ಕಾಗ. "ಈ ಫೋರ್ಕ್ ಮಾತ್ರ ಯಾರ ಮಾತೂ ಕೇಳೋದಿಲ್ಲ ನೋಡಿ."