ತಂಡ ಯಾರದು? ಕೊಂಡವರದೋ, ಕಾದವರದೋ?



ಹುಕ್ಕೇರಿ ಕಡೆಯ ಒಂದು ಕುಟುಂಬವನ್ನು ಭೇಟಿಯಾಗಲು ಹೋಗಿದ್ದೆ. ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಅವರು ಸಂಕೇಶ್ವರದಲ್ಲಿ ಬಸ್ಸು ಹಿಡಿದು, ನಿಪ್ಪಾಣಿ, ಕಾಗಲ್ ದಾಟಿ ಕೊಲ್ಹಾಪುರದ ಶಾಹು ಸ್ಟೇಡಿಯಂಗೆ ಫುಟ್‌ಬಾಲ್ ನೋಡಲು ಹೋಗುತ್ತಿದ್ದರಂತೆ. ಆ ಊರಿನ ಫುಟ್‌ಬಾಲ್ ಬೆಳೆದದ್ದು ಪೇಟೆಪೇಟೆಗಳ ಕುಸ್ತಿಯ ತಾಲೀಮುಗಳಲ್ಲಿ. ಪಾಟಾಕಡೀಲ್, ದಿಲ್‌ಬಹಾರ್, ಖಂಡೋಬಾ ಇವೆಲ್ಲ ಮೊದಲು ತಾಲೀಮುಗಳ ಹೆಸರು, ಆಮೇಲೆ ತಂಡಗಳ ಹೆಸರು. ಈಗ ಅವರ ಮೊಮ್ಮಗ ಮೊಬೈಲಿನಲ್ಲಿ ದೂರದ ಲೀಗುಗಳನ್ನು ನೋಡುತ್ತಾನೆ; ಆಟಗಾರರ ಹೆಸರಿಗಿಂತ ಮೊದಲು ಅವರ ಬೆಲೆ ಹೇಳುತ್ತಾನೆ. ಚಹಾ ಕುಡಿಯುವಾಗ ಹಿರಿಯರು ನನ್ನನ್ನು ಕೇಳಿದರು: "ಫಾದರ್, ಒಂದು ಮಾತು ಕೇಳ್ತೀನ್ರಿ. ಟೀಮು ಯಾರದು? ಕೊಂಡವ್ರದೋ, ಕಾದವ್ರದೋ?"

ಗುರುಮಠದಲ್ಲಿ ಏಳೆಂಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಆದರೂ ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ಇಂದು ನಿಮ್ಮೊಡನೆ ಕುಳಿತು ಯೋಚಿಸುವ ಆಸೆ.

ಮೊದಲು ಈ ತಂಡಗಳು ಹುಟ್ಟಿದ್ದು ಹೇಗೆಂದು ನೋಡೋಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1887ರಲ್ಲಿ ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್ ಅವರು ಸೆಲ್ಟಿಕ್ ತಂಡವನ್ನು ಕಟ್ಟಿದರು. ಅಲ್ಲಿನ ಬಡ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸುವುದೇ ಉದ್ದೇಶವಾಗಿತ್ತು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1908ರಲ್ಲಿ, ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೆ ಫಾದರ್ ಲೊರೆಂಜೊ ಮಾಸ್ಸಾ ಅವರು ದೇವಾಲಯದ ಅಂಗಳ ಬಿಟ್ಟುಕೊಟ್ಟರು. ಅಲ್ಲಿಂದ ಬೆಳೆದದ್ದು ಸಾನ್ ಲೊರೆಂಜೊ ತಂಡ. 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್ ಅವರು ಬಾಲ್ಯದಿಂದಲೂ ಈ ತಂಡದ ಅಭಿಮಾನಿ. ರೋಮಿಗೆ ಹೋದ ಮೇಲೂ ಅವರು ಅದರ ಸದಸ್ಯತ್ವ ಬಿಡಲಿಲ್ಲ. ನಮ್ಮ ದೇಶದಲ್ಲಿ 1889ರಲ್ಲಿ ಹುಟ್ಟಿದ ಕಲ್ಕತ್ತೆಯ ಮೋಹನ್ ಬಗಾನ್ ತಂಡ 1911ರಲ್ಲಿ ಆಂಗ್ಲ ಸೈನಿಕರ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಾಗ, ಅದರ ಬಹುಪಾಲು ಆಟಗಾರರು ಬರಿಗಾಲಲ್ಲಿದ್ದರು. ಇವು ಯಾವುವೂ ಅಂಗಡಿಗಳಾಗಿ ಹುಟ್ಟಲಿಲ್ಲ.

ಹಾಗಾದರೆ ಹಣ ಬಂದದ್ದೇ ಪಾಪವೇ? ಅವಸರದಲ್ಲಿ ಹಾಗೆ ಹೇಳಬಾರದು. 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಬೆಂಗಳೂರು ಎಫ್‌ಸಿ ತಂಡ ಕಟ್ಟಿತು. ಅದು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. ಬಂಡವಾಳವಿಲ್ಲದೆ ಇದು ಆಗುತ್ತಿರಲಿಲ್ಲ. ನಮ್ಮ ಹಳ್ಳಿಗಳ ಕಬಡ್ಡಿಯನ್ನೇ ನೋಡಿ. ಬೆಂಗಳೂರು ಬುಲ್ಸ್ ತಂಡದಲ್ಲಿದ್ದ ಪವನ್ ಸೆಹ್ರಾವತ್ 2022ರ ಹರಾಜಿನಲ್ಲಿ 2.26 ಕೋಟಿ ರೂಪಾಯಿಗೆ ತಮಿಳು ತಲೈವಾಸ್ ತಂಡ ಸೇರಿದರು. ಇಲ್ಲಿನ ಅಭಿಮಾನಿಗಳಿಗೆ ನೋವಾಗಿರಬಹುದು. ಆದರೆ ಆಟಗಾರನೂ ದುಡಿಯುವವನೇ. ದುಡಿದವನಿಗೆ ಕೂಲಿ ಸಲ್ಲಬೇಕೆಂದು ಶುಭಸಂದೇಶವೂ ಒಪ್ಪುತ್ತದೆ. ಮಣ್ಣಿನ ಅಂಕಣದಲ್ಲಿ ಮೊಣಕಾಲು ಕೆತ್ತಿಸಿಕೊಂಡ ಬಡವರ ಮಗ ನಾಲ್ಕು ಕಾಸು ಕಂಡರೆ ನಾವೇಕೆ ಹೊಟ್ಟೆ ಉರಿದುಕೊಳ್ಳಬೇಕು?

ತಪ್ಪು ಬೇರೆ ಕಡೆ ಇದೆ. ಗಿರಾಕಿಗೂ ಅಭಿಮಾನಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಗೋಕಾಕಿನ ಪೇಟೆಯಲ್ಲಿ ಒಂದು ಅಂಗಡಿಯ ಕರದಂಟು ರುಚಿಸದಿದ್ದರೆ ನೀವು ಪಕ್ಕದ ಅಂಗಡಿಗೆ ಹೋಗುತ್ತೀರಿ. ಅಂಗಡಿಯವನಿಗೂ ಅದು ಗೊತ್ತು, ಆದ್ದರಿಂದ ಬೆಲೆ ಏರಿಸಲು ಅಂಜುತ್ತಾನೆ. ಅಭಿಮಾನಿ ಹಾಗಲ್ಲ. ತಂಡ ಸೋತರೂ ಬಿಡುವುದಿಲ್ಲ, ಟಿಕೆಟ್ಟು ದುಬಾರಿಯಾದರೂ ಬಿಡುವುದಿಲ್ಲ, ಅಂಗಿಯ ಬಣ್ಣ ಬದಲಿಸಿದರೆ ಹೊಸ ಅಂಗಿ ಕೊಳ್ಳುತ್ತಾನೆ. "ಇವನು ಎಲ್ಲಿಗೂ ಹೋಗುವವನಲ್ಲ" ಎಂದು ಮಾಲೀಕ ಲೆಕ್ಕ ಹಾಕಿದ ದಿನ, ಅಭಿಮಾನಿಯ ಸದ್ಗುಣವೇ ಅವನ ಕೊರಳಿಗೆ ಹಗ್ಗವಾಗುತ್ತದೆ.

ಸಂತ ತೋಮಸ್ ಅಕ್ವಿನಾಸರು ಏಳುನೂರೈವತ್ತು ವರ್ಷಗಳ ಹಿಂದೆ ನ್ಯಾಯಬೆಲೆಯ ಬಗ್ಗೆ ಬರೆಯುತ್ತಾ ಇಂಥದೇ ಪ್ರಶ್ನೆಯನ್ನು ಎತ್ತಿದ್ದಾರೆ. ಕೊಳ್ಳುವವನಿಗೆ ಒಂದು ವಸ್ತು ತೀರಾ ಬೇಕಾಗಿದೆ. ಮಾರುವವನಿಗೆ ಅದನ್ನು ಕೊಡುವುದರಿಂದ ವಿಶೇಷ ನಷ್ಟವೇನಿಲ್ಲ. ಆಗ ಕೊಳ್ಳುವವನ ಅಗತ್ಯವನ್ನು ನೋಡಿ ಬೆಲೆ ಏರಿಸಬಹುದೇ? ಕೂಡದು ಎನ್ನುತ್ತಾರೆ ಸಂತರು. ಏಕೆಂದರೆ ಆ ಅಗತ್ಯ ಕೊಳ್ಳುವವನಿಗೆ ಸೇರಿದ್ದು. ತನ್ನದಲ್ಲದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಇದನ್ನು ಆಟದ ಮೈದಾನಕ್ಕೆ ತನ್ನಿ. ಕುರ್ಚಿ, ದೀಪ, ಆಟಗಾರನ ಸಂಬಳ ಇವು ಮಾಲೀಕನವು. ಅವುಗಳ ಬೆಲೆಯನ್ನು ಅವನು ಕೇಳಲಿ. ಆದರೆ ಮೂವತ್ತು ವರ್ಷದ ಪ್ರೀತಿ ಅಭಿಮಾನಿಯದು. ಆ ಪ್ರೀತಿಗೇ ಬೆಲೆ ಕಟ್ಟಿ, ಅದನ್ನು ಅಭಿಮಾನಿಗೇ ತಿರುಗಿ ಮಾರಿದರೆ ಅದು ಅನ್ಯಾಯ.

ಹಾಗೆಂದು ಪ್ರೀತಿಸಿದವನೇ ಒಡೆಯನೆನ್ನಲೂ ಆಗದು. ಖರ್ಚು, ನಷ್ಟ ಹೊರುವವನಿಗೆ ಅವನದೇ ಹಕ್ಕುಗಳಿವೆ. ನನಗೆ ತೋಚುವುದು ಇಷ್ಟು: ತಂಡವನ್ನು ಕೊಂಡವನು ಅದರ ಒಡೆಯನಿಗಿಂತ ಹೆಚ್ಚಾಗಿ ಪಾರುಪತ್ಯಗಾರ. ಹಿಂದಿನವರಿಂದ ಬಂದದ್ದನ್ನು ಮುಂದಿನವರಿಗೆ ಒಪ್ಪಿಸಬೇಕಾದವನು. ಹೆಸರು, ಬಣ್ಣ, ಊರು ಇವನ್ನು ಮುಟ್ಟುವ ಮುನ್ನ ಕಾದವರನ್ನು ಕೇಳುವ ಋಣ ಅವನ ಮೇಲಿದೆ. ಜರ್ಮನಿಯಲ್ಲಿ ಕೆಲವು ತಂಡಗಳ ಹೊರತು ಉಳಿದೆಲ್ಲ ಕಡೆ ಮತದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಆದ್ದರಿಂದ ಇದು ಬರೀ ಉಪದೇಶವಲ್ಲ, ನಡೆಸಿ ತೋರಿಸಿರುವ ದಾರಿ.

ಋಣ ತೀರದಾಗ ಅಭಿಮಾನಿಗಳು ಕೇಳಿ ಪಡೆದದ್ದೂ ಉಂಟು. 2020ರಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ತಂಡ ಎಟಿಕೆ ಜೊತೆ ಸೇರಿ ಹೆಸರಿನ ಮುಂದೆ ಆ ಮೂರು ಅಕ್ಷರ ಬಂದಾಗ ಅಭಿಮಾನಿಗಳು ಸುಮ್ಮನಿರಲಿಲ್ಲ. 2023ರಲ್ಲಿ ಅದನ್ನು ತೆಗೆಯಲಾಯಿತು. ಸಾನ್ ಲೊರೆಂಜೊ 1979ರಲ್ಲಿ ತನ್ನ ಹಳೆಯ ಮೈದಾನವನ್ನು ಕಳೆದುಕೊಂಡಿತು. ಆ ಜಾಗದಲ್ಲಿ ಸೂಪರ್ ಮಾರ್ಕೆಟ್ ಎದ್ದಿತು. ಅಭಿಮಾನಿಗಳು ದಶಕಗಳ ಕಾಲ ಬಿಡದೆ ಕೇಳಿದರು, ಚಂದಾ ಎತ್ತಿದರು. 2012ರಲ್ಲಿ ಅವರ ಪರವಾಗಿ ನಗರದ ಶಾಸನಸಭೆ ಕಾನೂನು ಮಾಡಿತು. 2019ರಲ್ಲಿ ಜಾಗ ಮರಳಿ ಸಿಕ್ಕಿತು.

ಹಣವನ್ನೇ ನಂಬಿದರೆ ಆಗುವ ಕಷ್ಟವನ್ನೂ ಕಂಡಿದ್ದೇವೆ. 2025ರ ಜುಲೈನಲ್ಲಿ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಕಾಗದದ ಒಪ್ಪಂದಕ್ಕೆ ಕೊನೆಯ ದಿನಾಂಕವಿರುತ್ತದೆ. ನಿಷ್ಠೆಗೆ ಇರುವುದಿಲ್ಲ.

ಆದರೆ ನಾವೂ ನಮ್ಮ ಅಂತಃಕರಣವನ್ನು ಪರೀಕ್ಷಿಸಿಕೊಳ್ಳಬೇಕು. ಕ್ರಿಕೆಟ್ಟಿನಲ್ಲಿ ಹದಿನೆಂಟು ವರ್ಷ ಕಾದ ಆರ್‌ಸಿಬಿ ಅಭಿಮಾನಿಗಳು 2025ರ ಜೂನ್ 4ರಂದು ಸಂಭ್ರಮಿಸಲು ಬೆಂಗಳೂರಿನಲ್ಲಿ ಸೇರಿದರು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಮನೆಗೆ ಮರಳಲಿಲ್ಲ. ಅವರ ತಾಯಂದಿರಿಗಾಗಿ ಪ್ರಾರ್ಥಿಸೋಣ. ಆ ದಿನವನ್ನು ನೆನೆದಾಗಲೆಲ್ಲ ನನಗನಿಸುವುದು: ಅಭಿಮಾನಿಯನ್ನು ಎಣಿಕೆಯ ತಲೆಯಾಗಿ ಕಾಣಬಾರದು, ಹೆಸರುಳ್ಳ ಮನುಷ್ಯನಾಗಿ ಕಾಣಬೇಕು. ಅಭಿಮಾನಿಯೂ ತನ್ನನ್ನು ಹಾಗೆಯೇ ಕಂಡುಕೊಳ್ಳಬೇಕು. ಮಗಳ ಶಾಲೆಯ ಫೀಸಿಗಿಟ್ಟ ಹಣದಲ್ಲಿ ತಂಡದ ಅಂಗಿ ಕೊಂಡರೆ, ಎದುರು ತಂಡದವನನ್ನು ವೈರಿಯೆಂದರೆ, ಅದು ನಿಷ್ಠೆಯಲ್ಲ, ವಿಗ್ರಹಾರಾಧನೆ.

ತಂದೆ ತಾಯಂದಿರೇ, ಮಗ ದೂರದ ತಂಡವನ್ನು ನೋಡಲಿ, ಬೇಡವೆನ್ನಬೇಡಿ. ಆದರೆ ತಿಂಗಳಿಗೊಮ್ಮೆಯಾದರೂ ಅವನ ಕೈ ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಮೈದಾನಕ್ಕೆ ಹೋಗಿ. ಅಲ್ಲಿ ಆಡುವವರು ನಿಮ್ಮ ಓಣಿಯ ಹುಡುಗರು. ಸೋತಾಗಲೂ ಅವರ ಹೆಸರು ಹಿಡಿದು ಕೂಗಿ.

ಆ ಹಿರಿಯರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೆ: "ಕಾಗದ ಕೊಂಡವ್ರದು ಅಜ್ಜಾರ, ಆದ್ರ ನೀವು ಕೂಗಿದ ದನಿ ಅವರು ಕೊಂಡಿಲ್ರಿ." ಅವರು ನಕ್ಕರು. ಬಳಿಕ ಮೊಮ್ಮಗನ ಕಡೆ ತಿರುಗಿ, "ಮುಂದಿನ ಐತವಾರ ಪೂಜಿ ಮುಗದ ಮ್ಯಾಲ ಕೊಲ್ಹಾಪುರಕ್ಕ ಬರ್ತೀಯೇನೋ?" ಎಂದು ಕೇಳಿದರು. ಹುಡುಗ ಮೊಬೈಲು ಕೆಳಗಿಟ್ಟ.